ಪ್ರತಿಕ್ರಿಯೆ: ಆಗುಂಬೆ ತೋಟದ ‘ರೆಕ್ಕೆ ಭೂತ’

ಆಗುಂಬೆಯ ತೋಟದಲ್ಲಿ ರೆಕ್ಕೆಯ ನಾಯಿಯಂಥದ್ದು ಮರದಿಂದ ಮರಕ್ಕೆ ಹಾರಿತು, ಹೆಂಗಸು ಅತ್ತ ಹಾಗೆ ಕೂಗೂ ಕೇಳಿತು, ಅದು ಭೂತ ಎಂದು ಬರೆದಿದ್ದೀರಿ. ನನಗನಿಸುವುದು, ನೀವು ಎರಡು ಪ್ರಾಣಿ ಸೇರಿಸಿ ಒಂದು ಭೂತ ಮಾಡಿಕೊಂಡಿದ್ದೀರಿ. ಮರದಿಂದ ಮರಕ್ಕೆ ಹಾರಿದ ‘ರೆಕ್ಕೆಯ ನಾಯಿ’ ಬಹುತೇಕ ಹಾರುಬೆಕ್ಕು. ಹೆಂಗಸು ಅತ್ತ ಹಾಗೆ ಕೇಳಿದ ಕೂಗು ಬಹುಶಃ ಕಾಡಿನ ದೊಡ್ಡ ಗೂಬೆಯದು, ಸ್ಪಾಟ್ ಬೆಲ್ಲೀಡ್ ಈಗಲ್ ಔಲ್. ಶ್ರೀಲಂಕಾದ ‘ಉಲಮಾ’ ಎಂಬ ದೆವ್ವದ ಹಕ್ಕಿಯ ಕಥೆಯ ಹಿಂದೆಯೂ ಇದೇ ಗೂಬೆ ಇದೆ ಎಂದು ಅನೇಕರು ಹೇಳುತ್ತಾರೆ. ನಮ್ಮಲ್ಲೂ ಮಕ್ಕಳನ್ನು ಹೆದರಿಸಲು ಗುಮ್ಮ ಇದೆಯಲ್ವಾ!

ಮೊದಲು ಕೂಗು ಪರೀಕ್ಷಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹಕ್ಕಿಗಳ ಕೂಗು ಸಂಗ್ರಹಿಸಿಟ್ಟಿರುವ ಝೆನೊ ಕ್ಯಾಂಟೊ ಜಾಲತಾಣದಲ್ಲಿರುವ ಆ ಗೂಬೆಯ ಧ್ವನಿಯ ಜೊತೆ ಹೋಲಿಸಿ. ಅದನ್ನು ತೋಟದಲ್ಲಿ ಜೋರಾಗಿ ಹಾಕಬೇಡಿ, ಹಕ್ಕಿಗೆ ಸುಮ್ನೆ ತೊಂದರೆ.

ಆಮೇಲೆ ಕತ್ತಲಾದ ಮೇಲೆ ಒಂದು ಗಂಟೆ ಅದೇ ಮರದ ಹತ್ತಿರ ಕೂರಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಳ್ಳಿ. ರೆಕ್ಕೆ ಬಡಿಯಿತೇ, ಅದನ್ನು ನೋಡಿ. ಹಾರುಬೆಕ್ಕು ಬಡಿಯುವುದಿಲ್ಲ. ಅದು ಬೆಕ್ಕೂ ಅಲ್ಲ, ಬಾಲ ಸೇರಿ ಸುಮಾರು ಮೂರಡಿಯ ಅಳಿಲು. ಕೈಕಾಲು ಚಾಚಿದಾಗ ನಡುವಿನ ಚರ್ಮ ಕಂಬಳಿ ಹರವಿದಂತೆ ಬಿಚ್ಚಿಕೊಳ್ಳುತ್ತದೆ. ತೇಲುತ್ತಾ ಕೆಳಗಿಳಿದು, ಮುಂದಿನ ಮರದ ಕಾಂಡಕ್ಕೆ ಅಂಟಿಕೊಂಡು, ಸರಸರ ಮೇಲೆ ಹತ್ತುತ್ತದೆ. ರೆಕ್ಕೆ ಬಡಿದು ಮೇಲಕ್ಕೇ ಹೋದರೆ ಗೂಬೆ ಅಥವಾ ದೊಡ್ಡ ಬಾವಲಿ.

ಬೆಳಿಗ್ಗೆ ಬುಡದಲ್ಲಿ ಹುಡುಕಿ. ಕಡಿದು ಬಿಸಾಡಿದ ಎಲೆ, ಹಣ್ಣಿನ ಚೂರು ಸಿಕ್ಕರೆ ಹಾರುಬೆಕ್ಕಿನ ಅನುಮಾನ ಜಾಸ್ತಿ, ಆದರೆ ಕೆಂದಳಿಲೂ ಹಾಗೇ ಮಾಡುತ್ತದೆ. ಕೂದಲು, ಮೂಳೆ ಸೇರಿದ ಉಂಡೆ ಸಿಕ್ಕರೆ ಗೂಬೆ. ರೆಕಾರ್ಡಿಂಗ್ ಕೇಳದೆ ಗೂಬೆ ವಿಷಯ ನಾನು ಖಚಿತವಾಗಿ ಹೇಳಲಾರೆ. ಸಿಕ್ಕರೆ ಇಲ್ಲೇ ಹಾಕಿ.