ಬೈರನ್ ಗ್ರೀಸ್‌ನಲ್ಲಿ ಮಾಡಿದ್ದಾದರೂ ಏನು?

ಹಾಸನದಿಂದ ಪತ್ರ ಬರೆದ ಓದುಗರಿಗೆ,

ತುರ್ಕರ ಆಳ್ವಿಕೆ ವಿರುದ್ಧ ಗ್ರೀಕರು ನಡೆಸಿದ ಸ್ವಾತಂತ್ರ್ಯ ಯುದ್ಧಕ್ಕೆ ಹೋದ ಇಂಗ್ಲಿಷ್ ಕವಿ ಬೈರನ್ ಬಗ್ಗೆ ನೀವು ಬರೆದ ಪತ್ರ ಖಾರವಾಗಿದೆ. ಓದಿ ಖುಷಿಯಾಯಿತು. "ಬೈರನ್ ಗ್ರೀಸ್‌ನಲ್ಲಿ ಒಂದು ಗುಂಡೂ ಹಾರಿಸಲಿಲ್ಲ, ಜ್ವರ ಬಂದು ಸತ್ತ. ದುಡ್ಡಿದ್ದ ಕವಿಯ ಷೋಕಿಗೆ ಹುತಾತ್ಮನ ಪಟ್ಟ ಯಾಕೆ?" ಎಂದು ಕೇಳಿದ್ದೀರಿ. ದೊಡ್ಡ ಕವಿಗಳ ಸಮಾಧಿಗಳಿರುವ ಲಂಡನ್ನಿನ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನಿಗೆ ಜಾಗ ಯಾಕೆ ಸಿಗಲಿಲ್ಲ ಅಂತಲೂ ಕೇಳಿದ್ದೀರಿ.

ಷೋಕಿ ಇತ್ತು, ಮುಚ್ಚಿಡುವುದು ಬೇಡ. 1823ರ ಜುಲೈನಲ್ಲಿ ಜಿನೋವಾದಿಂದ ಹಡಗು ಹತ್ತುವ ಮೊದಲು, ಹೋಮರನ ವೀರರು ತೊಡುವಂಥ ಶಿರಸ್ತ್ರಾಣ ಮಾಡಿಸಿಕೊಂಡ ಆಸಾಮಿ ಅವನು. ಗುಂಡು ಹಾರಿಸಲಿಲ್ಲ ಎನ್ನುವುದೂ ನಿಜ. ತುರ್ಕರ ಕೈಲಿದ್ದ ಲೆಪಾಂಟೋ ಕೋಟೆಯ ಮೇಲೆ ದಾಳಿಗೆ ಸಿದ್ಧತೆ ನಡೆದಿತ್ತು, ದಾಳಿ ನಡೆಯಲೇ ಇಲ್ಲ.

ಆದರೆ ಗ್ರೀಕರಲ್ಲಿ ಕತ್ತಿ ಹಿಡಿಯುವವರಿಗೇನೂ ಬರವಿರಲಿಲ್ಲ. 1821ರಲ್ಲಿ ತುರ್ಕರ ವಿರುದ್ಧ ಎದ್ದವರು ಎರಡೇ ವರ್ಷದಲ್ಲಿ ತಮ್ಮತಮ್ಮಲ್ಲೇ ಬಣ ಕಟ್ಟಿಕೊಂಡಿದ್ದರು. ಎಲ್ಲ ಬಣದವರೂ ಬೈರನ್‌ನನ್ನು ತಮ್ಮ ಕಡೆ ಕರೆದರು. ಜೇಬು ದೊಡ್ಡದು, ಅಲ್ವಾ? ಅವನು ಅವಸರ ಮಾಡಲಿಲ್ಲ. ಸೆಫಲೋನಿಯಾ ದ್ವೀಪದಲ್ಲಿ ತಿಂಗಳುಗಟ್ಟಲೆ ಕೂತು, ಯಾರು ಎಂಥವರು ಅಂತ ನೋಡಿದ. ಗ್ರೀಕ್ ನೌಕಾಪಡೆ ಹೊರಡಲೆಂದು ಸ್ವಂತ ಹಣ 4,000 ಪೌಂಡ್ ಕೊಟ್ಟ. 1824ರ ಜನವರಿಯಲ್ಲಿ ಮಿಸೊಲೊಂಗಿ ಸೇರಿದ. ಉಪ್ಪುನೀರಿನ ಜೌಗು, ಕೆಸರು, ಮಳೆಯ ಊರು ಅದು.

ಅಲ್ಲಿ ಅವನದು ಸಂಬಳ ಬಟವಾಡೆಯ ಗುಮಾಸ್ತನ ಪಾಡು. ಸೂಲಿ ಬೆಟ್ಟದ ಐನೂರು ಸೈನಿಕರ ಖರ್ಚು ಅವನ ತಲೆಮೇಲೆ. ಪಟ್ಟಿಯಲ್ಲಿ ಊರಲ್ಲೇ ಇಲ್ಲದವರ ಹೆಸರು. ಆಮೇಲೆ ಹೊಸ ಬೇಡಿಕೆ: ನಿಜವಾಗಿ ಇದ್ದ ಮುನ್ನೂರು, ನಾನೂರು ಜನರಲ್ಲಿ ಸುಮಾರು 150 ಮಂದಿಗೆ ಅಧಿಕಾರಿ ದರ್ಜೆ ಬೇಕು, ಅದಕ್ಕೆ ತಕ್ಕ ಸಂಬಳವೂ ಬೇಕು! ಫೆಬ್ರುವರಿ 15ರಂದು ಅವನಿಗೆ ಫಿಟ್ಸ್ ಬಂತು. ಸೂಲಿಯವರನ್ನು ಕೊನೆಗೆ ಕೈಬಿಟ್ಟ, ಊರು ಬಿಡಲಿಲ್ಲ. ಸೆರೆಸಿಕ್ಕ ತುರ್ಕರನ್ನು ಬಿಡಿಸಿ ಅವರ ಕಡೆಯವರಿಗೆ ಒಪ್ಪಿಸಿದ. ಸುಮ್ನೆ ಷೋಕಿಗೆ ಬಂದವನಾಗಿದ್ದರೆ ಈ ಜಂಜಾಟದಲ್ಲಿ ಒಂದು ವಾರ ನಿಲ್ಲುತ್ತಿರಲಿಲ್ಲ. ನಾನು ಅವನನ್ನು ಮೆಚ್ಚುವುದು ಇದಕ್ಕೇ.

ಏಪ್ರಿಲ್ 9ರಂದು ಕುದುರೆ ಸವಾರಿಗೆ ಹೋಗಿ ಮಳೆಯಲ್ಲಿ ನೆನೆದು ಬಂದ. ಜ್ವರ ಹಿಡಿಯಿತು. ರಕ್ತ ತೆಗೆಯಬೇಕೆಂದು ವೈದ್ಯರು ಹಟ ಹಿಡಿದರು. ಬೇಡ ಬೇಡ ಎಂದು ಕೆಲವು ದಿನ ತಡೆದವನು ಕೊನೆಗೆ ಸೋತು ಕೈ ಚಾಚಿದ. ಮತ್ತೆ ಮತ್ತೆ ತೆಗೆದರು, ಜಿಗಣೆಯನ್ನೂ ಹಚ್ಚಿದರು. 19ರಂದು ತೀರಿಕೊಂಡ. ವಯಸ್ಸು 36. ರೋಗಕ್ಕಿಂತ ಮದ್ದೇ ಜಾಸ್ತಿ ಕೆಡಿಸಿತು ಅಂತ ನನ್ನ ಅಂದಾಜು.

ಆ ಸಾವಿನ ಸುದ್ದಿ ಯುರೋಪಿನ ಜನರನ್ನು ಗ್ರೀಸ್ ಕಡೆ ತಿರುಗಿಸಿತು. 1827ರಲ್ಲಿ ನವಾರಿನೋದಲ್ಲಿ ಬ್ರಿಟಿಷ್, ಫ್ರೆಂಚ್, ರಷ್ಯನ್ ಹಡಗುಗಳು ಸೇರಿ ತುರ್ಕರ ನೌಕಾಬಲ ಮುರಿದವು. ಅದಕ್ಕೆಲ್ಲ ಬೈರನ್ ಒಬ್ಬನೇ ಕಾರಣ ಎಂದರೆ ಸುಳ್ಳಾಗುತ್ತದೆ. ಆ ಮೂರು ಸರ್ಕಾರಗಳಿಗೂ ತಮ್ಮದೇ ಲೆಕ್ಕಾಚಾರ ಇತ್ತು.

ಇನ್ನು ಅಬ್ಬೆಯ ವಿಷಯ. ಅವನು ಬದುಕಿದ್ದ ರೀತಿ ಅಲ್ಲಿನ ಡೀನ್‌ಗೆ, ಅಂದರೆ ಮುಖ್ಯ ಪಾದ್ರಿಗೆ, ಹಿಡಿಸಲಿಲ್ಲ, ಜಾಗ ಕೊಡಲಿಲ್ಲ. ನಾಟಿಂಗ್‌ಹ್ಯಾಮ್ ಬಳಿಯ ಹಕ್ನಾಲ್ ಚರ್ಚಿನಲ್ಲಿ ಮನೆತನದವರ ಪಕ್ಕ ಹೂಳಿದರು. ಅಬ್ಬೆಯಲ್ಲಿ ಅವನ ಹೆಸರಿನ ಕಲ್ಲು ಹಾಕಿದ್ದು 1969ರಲ್ಲಿ.

- ಸಂಪಾದಕ