‘ಸೂರ್ಯರಾಜ’ ಕಳಿಸಿದವರಿಗೆ

ನಮಸ್ಕಾರ.

ಫ್ರಾನ್ಸಿನ ಹದಿನಾಲ್ಕನೇ ಲೂಯಿ ಬಗ್ಗೆ ನೀವು ಬರೆದ ‘ಸೂರ್ಯರಾಜ’ ಕತೆಯನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಳ್ಳೆಯ ಕತೆಯೊಂದು ಇದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ರಾಜ ಕೈ ಎತ್ತಿದರೆ ಸಾಕು, ಎಲ್ಲ ಆಗಿಬಿಡುತ್ತದೆ. ವರ್ಸೇಲ್ಸ್ ಅರಮನೆಯ ಕನ್ನಡಿ, ಕಾರಂಜಿಗಳಿಗೇ ಪುಟಗಟ್ಟಲೆ ಹೋಗಿದೆ. ಆಜ್ಞೆ ಅರಮನೆಯ ಬಾಗಿಲು ದಾಟಿದ ಮೇಲೆ ಯಾರ ಕೈಗೆ ಹೋಗುತ್ತಿತ್ತು? ಪ್ರಾಂತ್ಯಗಳಲ್ಲಿ ಅವನ ಪರವಾಗಿ ಆಡಳಿತ ನಡೆಸುತ್ತಿದ್ದ ಇಂಟೆಂಡೆಂಟ್‌ಗಳು ಕತೆಯಲ್ಲಿ ಇಲ್ಲವೇ ಇಲ್ಲ. ದುಡ್ಡು ಕೊಟ್ಟು ಹುದ್ದೆ ಕೊಂಡ ಅಧಿಕಾರಿಗಳೂ ಇಲ್ಲ. ಅಂಥವರನ್ನು ಸುಮ್ನೆ ಮನೆಗೆ ಕಳಿಸಲು ಅವನಿಗೂ ಸಾಧ್ಯವಿರಲಿಲ್ಲ. ಉಪ್ಪಿನ ತೆರಿಗೆಯನ್ನೇ ನೋಡಿ. ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಥರ, ಬ್ರಿಟನಿಯಲ್ಲಿ ಅದು ಇರಲೇ ಇಲ್ಲ. ಹಾಗಾಗಿ ಗಡಿ ದಾಟಿಸಿ ಕಳ್ಳ ಉಪ್ಪು ಮಾರುವುದೇ ಎಷ್ಟೋ ಜನರ ಕಸುಬಾಗಿತ್ತು. ಅಂಥ ಒಬ್ಬಳನ್ನು ಕತೆಗೆ ತನ್ನಿ.

ಹಾಗಂತ ಅವನ ಅಧಿಕಾರ ಬರೀ ತೋರಿಕೆಯದಲ್ಲ. 1685ರಲ್ಲಿ ಪ್ರೊಟೆಸ್ಟೆಂಟರ ಧರ್ಮಸ್ವಾತಂತ್ರ್ಯವನ್ನು ಒಂದೇ ಶಾಸನದಿಂದ ಕಿತ್ತುಕೊಂಡ. ಅದಕ್ಕೂ ಮುಂಚೆಯೇ ಅವರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಹೂಡಿಸಿ, ಮತ ಬದಲಿಸುವವರೆಗೂ ಕಾಟ ಕೊಡಿಸಿದ್ದ. ದೇಶ ಬಿಡುವುದೂ ಅಪರಾಧ, ಸಿಕ್ಕಿಬಿದ್ದ ಗಂಡಸರಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ. ಆದರೂ ಸುಮಾರು 2 ಲಕ್ಷ ಜನ ತಪ್ಪಿಸಿಕೊಂಡು ಹೋದರು. ಇದನ್ನೆಲ್ಲ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಓದುವಾಗ ನನಗೆ ನಿಜಕ್ಕೂ ನೋವಾಯಿತು. ಆ ಮನೆಯೊಳಗೆ ಕೂತು ಬರೆಯಿರಿ. ಊಟಕ್ಕೆ ಏನಿತ್ತು, ಸೈನಿಕರು ಎಲ್ಲಿ ಮಲಗಿದರು, ಮಕ್ಕಳು ಏನು ಕೇಳಿಸಿಕೊಂಡರು? ಅಧಿಕಾರ ಅಂದರೆ ಏನೆಂದು ಓದುಗರಿಗೆ ಅಲ್ಲಿ ಗೊತ್ತಾಗುತ್ತದೆ.

‘ನಾನೇ ರಾಜ್ಯ’ ಎಂಬ ಮಾತನ್ನು ಮತ್ತೆ ಮತ್ತೆ ಆಡಿಸಿದ್ದೀರಿ. ಅವನು ಹಾಗೆ ಹೇಳಿದ್ದಕ್ಕೆ ಆ ಕಾಲದ ದಾಖಲೆ ಇಲ್ಲ. ತೆಗೆದುಬಿಡಿ.

ಇನ್ನು ಕೊನೆ. 1715ರ ಸೆಪ್ಟೆಂಬರ್ 1ರಂದು ರಾಜ ಸತ್ತ, ಕತೆ ಅಲ್ಲಿಗೆ ಮುಗಿಯಿತು. ಒಂದು ದಿನ ಮುಂದೆ ಹೋಗಬೇಕಿತ್ತು, ಅಲ್ವಾ? ಐದು ವರ್ಷದ ಮರಿಮಗನ ಹೆಸರಿನಲ್ಲಿ ಆಡಳಿತ ಹೇಗೆ ನಡೆಯಬೇಕೆಂದು ಲೂಯಿ ಉಯಿಲು ಬರೆದಿಟ್ಟಿದ್ದ. ಮರುದಿನವೇ ಪ್ಯಾರಿಸ್ಸಿನ ಪಾರ್ಲ್‌ಮಾ ನ್ಯಾಯಾಲಯ ಅದನ್ನು ಬದಿಗಿಟ್ಟು, ಅಧಿಕಾರವನ್ನು ಲೂಯಿಯ ತಮ್ಮನ ಮಗನಾದ ಓರ್ಲಿಯನ್ಸ್ ಡ್ಯೂಕನಿಗೆ ಕೊಟ್ಟಿತು. 72 ವರ್ಷ ಪಟ್ಟದಲ್ಲಿದ್ದವನ ಮಾತು ಅಷ್ಟು ಬೇಗ ಬಿದ್ದುಹೋಯಿತು. ಇದನ್ನು ಬಿಡಬೇಡಿ.

ಅರಮನೆಯ ವರ್ಣನೆ ಅರ್ಧ ಪುಟಕ್ಕೆ ಇಳಿಸಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.