ಎಂಟುನೂರು ಅಂದ ಪುಸ್ತಕ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಮದುವೆಯಾಗಿ ಏಳು ತಿಂಗಳು. ಹಾಸನದ ತವರಿನಲ್ಲಿ ನನ್ನ ಎರಡು ಪೆಟ್ಟಿಗೆ ಕಾಮಿಕ್ಸ್ ಇವೆ. ಎಂಟನೇ ಕ್ಲಾಸಿನಿಂದ ಕೂಡಿಸಿದ್ದು, ಹೆಚ್ಚಿನವು ಸ್ಪೈಡರ್ ಮ್ಯಾನ್. ಅವನ್ನು ಶಿವಮೊಗ್ಗದ ಗಂಡನ ಮನೆಗೆ ತರೋಣ ಅಂದರೆ ಧೈರ್ಯ ಸಾಲುತ್ತಿಲ್ಲ. ಯಜಮಾನರು ಬೇಡ ಅಂದಿಲ್ಲ. ಆದರೆ ಸ್ನೇಹಿತರು ಬಂದಾಗಲೆಲ್ಲ "ನಮ್ಮನೆ ಸ್ಪೈಡರ್ ಮ್ಯಾನ್ ಇವಳೇ, ಗೋಡೆ ಮೇಲಿನ ಜೇಡರ ಬಲೆ ಮಾತ್ರ ತೆಗೆಯಲ್ಲ" ಅಂತ ನಗಿಸುತ್ತಾರೆ. ಸ್ಪೈಡರ್ ಮ್ಯಾನ್‌ನ ಪ್ರೇಯಸಿ ಗ್ವೆನ್ ಸಾಯುವ ಕತೆ ಓದಿ ನಾನು ಅತ್ತಿದ್ದನ್ನೂ ಎಲ್ಲರ ಮುಂದೆ ಹೇಳಿದರು. ಮಾವ "ಚಿತ್ರದ ಪುಸ್ತಕ ಓದೋ ವಯಸ್ಸಾ ಇದು" ಅಂದರು. ಅತ್ತೆ "ಇರಲಿ ಬಿಡಿ, ನಾಳೆ ಮಗು ಆದ್ರೆ ಅದಕ್ಕೇ ಆಗುತ್ತೆ" ಅಂದರು. ಇವಕ್ಕೆಲ್ಲ ಮುಂದೆ ಕೋಟಿ ಬೆಲೆ ಬರುತ್ತೆ ಅಂತ ನಾನು ಹೇಳಿ ನೋಡಿದೆ, ಅದಕ್ಕೂ ನಕ್ಕರು. ಹೋದ ತಿಂಗಳು 4,200 ರೂಪಾಯಿಯ ಒಂದು ದಪ್ಪ ಸಂಪುಟ ಆಫೀಸಿನ ವಿಳಾಸಕ್ಕೆ ತರಿಸಿಕೊಂಡೆ. ಮನೆಯಲ್ಲಿ ಎಂಟುನೂರು ಅಂದೆ. ಸಾಕಾಗಿದೆ. ಎಲ್ಲ ಮಾರಿಬಿಡಲಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಜೇಡರ ಬಲೆಯ ಮಾತಿಗೆ ನಾನೂ ನಕ್ಕೆ. ನಿಮ್ಮ ಯಜಮಾನರಿಗೆ ಮಾತು ಬರುತ್ತೆ. ಅದನ್ನೇ ಅಡುಗೆಮನೆಯಲ್ಲಿ ನಿಮ್ಮ ಹತ್ತಿರ ಹೇಳಿದ್ದರೆ ನೀವೂ ಒಂದು ತಿರುಗೇಟು ಕೊಟ್ಟು ನಗುತ್ತಿದ್ದಿರಿ. ನಾಲ್ಕು ಜನರ ಮುಂದೆ, ಅದೂ ನಿಮ್ಮ ಅಳುವನ್ನು ಎಳೆದು ತಂದಿದ್ದು ತಪ್ಪು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಯಾಕೆಂದರೆ ಪತ್ರವನ್ನು ಎರಡನೇ ಸಲ ಓದಿದಾಗ ನನಗೆ ಚುಚ್ಚಿದ್ದು ನಗು ಅಲ್ಲ, ಆ ಎಂಟುನೂರು.

ನೋಡಿ, ನೀವು ನಿಮ್ಮ ಪುಸ್ತಕಗಳಿಗೆ ಎರಡು ಬೆಲೆ ಹೇಳಿದ್ದೀರಿ. ಕೊಂಡಾಗ ಎಂಟುನೂರು, ಮುಂದೆ ಕೋಟಿ. ಎರಡೂ ನಿಜವಲ್ಲ. "ನನಗೆ ಇಷ್ಟ, ಅದಕ್ಕೇ ಕೊಂಡೆ" ಅನ್ನುವುದಕ್ಕೆ ಬಾಯಿ ಬರಲಿಲ್ಲ, ಅಲ್ವಾ?

ಕೋಟಿಯ ಮಾತು ಮೊದಲು ಮುಗಿಸೋಣ. ಸೂಪರ್‌ಮ್ಯಾನ್ ಮೊದಲು ಬಂದ 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಗೆ 1938ರಲ್ಲಿ 10 ಸೆಂಟ್ ಬೆಲೆ, ಈಗ ಕೋಟಿಗಟ್ಟಲೆ ರೂಪಾಯಿ. ನಿಜವೇ. ಆದರೆ ಅದು ಯಾಕೆ? ಆಗಿನ ಮಕ್ಕಳು ಓದಿ, ಹರಿದು, ಎಸೆದುಬಿಟ್ಟಿದ್ದಕ್ಕೆ. ಉಳಿದದ್ದು ಕೆಲವೇ ಪ್ರತಿ. 1990ರ ದಶಕದಲ್ಲಿ ಅಮೆರಿಕದ ಜನಕ್ಕೆ ನಿಮ್ಮದೇ ಆಸೆ ಹತ್ತಿತು. 1991ರಲ್ಲಿ 'ಎಕ್ಸ್-ಮೆನ್'ನ ಹೊಸ ಮಾಲೆಯ ಮೊದಲ ಸಂಚಿಕೆ ಐದು ಬೇರೆ ಬೇರೆ ಮುಖಪುಟದಲ್ಲಿ ಬಂತು. ಹಲವರು ಐದನ್ನೂ ಕೊಂಡರು. ಸುಮಾರು 80 ಲಕ್ಷ ಪ್ರತಿ ಖರ್ಚಾಯಿತು. ಮಾರನೇ ವರ್ಷ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಕಪ್ಪು ಕವರಿನಲ್ಲಿ ಸೀಲ್ ಮಾಡಿ ಕೊಟ್ಟರು. ಮುಂದೆ ಬೆಲೆ ಬರುತ್ತೆ ಅಂತ ಎಷ್ಟೋ ಜನ ಕವರನ್ನು ಬಿಚ್ಚಲೇ ಇಲ್ಲ. ಕಾಮಿಕ್ಸ್ ಕೊಂಡು ಓದದೇ ಇಡುವುದು! ಎಲ್ಲರ ಮನೆಯಲ್ಲೂ ಜೋಪಾನವಾಗಿ ಇರುವುದಕ್ಕೆ ಯಾರು ಬೆಲೆ ಕೊಡುತ್ತಾರೆ? ಕೊನೆಗೆ ಕೊಳ್ಳುವವರು ಕೈಬಿಟ್ಟರು, ಅಂಗಡಿಗಳು ಮುಚ್ಚಿದವು. 1996ರ ಕೊನೆಗೆ ನಿಮ್ಮ ಸ್ಪೈಡರ್ ಮ್ಯಾನ್‌ನ ಕಂಪನಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿಕೊಂಡಿತು. ಹಾಗಾಗಿ ಕೋಟಿಯ ಮಾತು ಬಿಡಿ. ನಿಮ್ಮ ಪೆಟ್ಟಿಗೆಯಲ್ಲಿ ಇರುವುದು ಓದುವ ಪುಸ್ತಕ, ಸೈಟಲ್ಲ.

ಇನ್ನು ಎಂಟುನೂರು. ಇವತ್ತು ರಾತ್ರಿ ಊಟ ಆದ ಮೇಲೆ ಹೇಳಿಬಿಡಿ. ಪೀಠಿಕೆ ಬೇಡ. "ಆ ಪುಸ್ತಕ 4,200. ನೀವು ನಗ್ತೀರಿ ಅಂತ ಸುಳ್ಳು ಹೇಳಿದೆ" ಅಂದರೆ ಮುಗಿಯಿತು. ಅವರಿಗೆ ಸಿಟ್ಟು ಬರಬಹುದು. ಬರಲಿ, ಅಷ್ಟು ಹಕ್ಕು ಅವರಿಗಿದೆ. ನೀವೂ ದುಡಿಯುತ್ತೀರಿ, ನಿಮ್ಮ ಸಂಬಳದಲ್ಲೇ ಕೊಂಡಿರಿ, ಅದೆಲ್ಲ ಸರಿ. ಅಡಗಿಸಿದ್ದು ಸರಿಯಲ್ಲ. ಆಮೇಲೆ ತಿಂಗಳಿಗೆ ಇಷ್ಟು ಅಂತ ಒಂದು ಲೆಕ್ಕ ಮಾಡಿಕೊಳ್ಳಿ, ಸಾವಿರವೋ ಸಾವಿರದೈನೂರೋ. ಪಾರ್ಸೆಲ್ ಮನೆಗೇ ಬರಲಿ.

ಈಗ ಆ ನಗು. ಪತ್ರ ಓದಿದ ಮೇಲೆ ಪಕ್ಕದ ಮನೆ ಹುಡುಗನ ಹತ್ತಿರ ಇಸಕೊಂಡು ನಾನೂ ಗ್ವೆನ್ ಸಾಯುವ ಕತೆ ಓದಿದೆ. 1973ರ ಸಂಚಿಕೆ. ಸೇತುವೆಯ ಮೇಲಿಂದ ಅವಳನ್ನು ತಳ್ಳುತ್ತಾರೆ, ಸ್ಪೈಡರ್ ಮ್ಯಾನ್ ಬಲೆ ಎಸೆದು ಕಾಲು ಹಿಡಿಯುತ್ತಾನೆ. ಕತ್ತಿನ ಪಕ್ಕ ಸಣ್ಣದಾಗಿ ಒಂದೇ ಶಬ್ದ ಬರೆದಿದೆ, 'ಸ್ನ್ಯಾಪ್', ಕತ್ತು ಮುರಿದ ಸದ್ದು. ಬೇಗ ಬೇಗ ಓದಿದರೆ ಕಣ್ಣಿಗೇ ಬೀಳಲ್ಲ. ಅವನು ಅವಳನ್ನು ಮೇಲಕ್ಕೆಳೆದುಕೊಂಡು, ಉಳಿಸಿಬಿಟ್ಟೆ ಅಂತ ಖುಷಿಯಲ್ಲಿ ಮಾತಾಡುತ್ತಲೇ ಇದ್ದಾನೆ. ನಾನು ಪುಟ ಹಿಂದೆ ತಿರುಗಿಸಿ ಆ ಶಬ್ದ ಮತ್ತೆ ನೋಡಿದೆ. ಅಳು ಬರಲಿಲ್ಲ. ಆದರೆ ಕಾಫಿ ಆರಿಹೋಗಿತ್ತು.

ನಿಮ್ಮ ಯಜಮಾನರಿಗೆ ಆ ಎರಡು ಪುಟ ತೋರಿಸಿ. ಎರಡೇ ಪುಟ. ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪತ್ರ ಆರು ಪುಟ ಇತ್ತು, ಅದರಲ್ಲಿ ಮೂರು ಪುಟ ಯಾವ ಸ್ಪೈಡರ್ ಮ್ಯಾನ್ ಯಾವ ಲೋಕದವನು ಅನ್ನುವುದೇ! ಇಲ್ಲಿ ಕತ್ತರಿ ಹಾಕಿದ್ದೇನೆ, ಕ್ಷಮಿಸಿ. (ಧೋತಿ ಉಟ್ಟ ಭಾರತದ ಸ್ಪೈಡರ್ ಮ್ಯಾನ್ ಪವಿತ್ರ ಪ್ರಭಾಕರ್ 2004ರಲ್ಲಿ ಬಂದ ಭಾಗ ಮಾತ್ರ ನನಗೆ ಹಿಡಿಸಿತು.) ಮನೆಯಲ್ಲೂ ಹೀಗೇ ಶುರು ಮಾಡಿದರೆ ಪಾಪ, ಅವರಿಗೆ ಜೋಕ್ ಮಾಡದೆ ಬೇರೆ ದಾರಿ ಏನಿದೆ?

ಇನ್ನೊಂದು. ಅವರಿಗೆ ಕ್ರಿಕೆಟ್ ಹುಚ್ಚು, ಬಂದವರಿಗೆಲ್ಲ ಕಪಿಲ್ ದೇವ್ 175 ಹೊಡೆದ ಕತೆ ಹೇಳುತ್ತಾರೆ ಅಂತ ಬರೆದಿದ್ದೀರಿ. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆ ಎದುರು 17 ರನ್ನಿಗೆ 5 ವಿಕೆಟ್. ಆ ಪಂದ್ಯದ ವಿಡಿಯೊ ಇಲ್ಲ. ನಿಮ್ಮ ಯಜಮಾನರು ಆಗ ಹುಟ್ಟೇ ಇರಲಿಲ್ಲ. ಕಣ್ಣಲ್ಲಿ ನೋಡದ ಆಟದ ಒಂದೊಂದು ಹೊಡೆತ ಹೇಳುವಾಗ ಅವರ ಮುಖ ಹೇಗಾಗುತ್ತೆ, ಒಮ್ಮೆ ಗಮನಿಸಿ. ಮುಂದಿನ ಸಲ ಅವರು ಶುರು ಮಾಡಿದಾಗ ಕೂತು ಪೂರ್ತಿ ಕೇಳಿ, ನಾಲ್ಕು ಪ್ರಶ್ನೆ ಕೇಳಿ. ಮಾರನೇ ದಿನ ಇಬ್ಬರೇ ಇದ್ದಾಗ, "ನನ್ನನ್ನು ರೇಗಿಸಿ, ಆದರೆ ನಾನು ಅತ್ತಿದ್ದನ್ನು ಹೊರಗೆ ಹೇಳಬೇಡಿ" ಅನ್ನಿ. ಆ ಮಾತಲ್ಲಿ ಮಾತ್ರ ಸಡಿಲ ಬಿಡಬೇಡಿ.

ಮಾವನವರು ಅಮರ ಚಿತ್ರ ಕಥೆಯನ್ನು ಬೈಂಡ್ ಮಾಡಿಸಿ ಗಾಜಿನ ಬೀರುವಿನಲ್ಲಿ ಇಟ್ಟಿದ್ದಾರೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಅವರ ಹತ್ತಿರ ವಾದ ಬೇಡ, ಮಾತಿಗೆ ಕೂರಿ. ಅದನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅದಕ್ಕೂ ಮೊದಲು ಅವರು ಕೆಲಸ ಮಾಡುತ್ತಿದ್ದುದು ಇಂದ್ರಜಾಲ ಕಾಮಿಕ್ಸ್ ಹೊರಡಿಸಿದ ಟೈಮ್ಸ್ ಸಂಸ್ಥೆಯಲ್ಲೇ. ಫ್ಯಾಂಟಮ್, ಮಾಂಡ್ರೇಕ್ ಎಲ್ಲ ಅಲ್ಲಿಂದ ಬಂದವರು. ಮಾವನವರೂ ಆ ವಯಸ್ಸಿನವರೇ, ಗುದ್ದಿದರೆ ಕೇಡಿಗಳ ದವಡೆ ಮೇಲೆ ತಲೆಬುರುಡೆ ಗುರುತು ಬಿಡುತ್ತಿದ್ದ ಫ್ಯಾಂಟಮ್‌ನ ಉಂಗುರದ ಬಗ್ಗೆ ಕೇಳಿ ನೋಡಿ. ನಾನು ರಬ್ಬರ್ ಕೊರೆದು ಆ ತಲೆಬುರುಡೆ ಮಾಡಿ, ಇಂಕು ಹಚ್ಚಿ ತಮ್ಮನ ದವಡೆಗೆ ಒತ್ತಿದ್ದೆ. ಅವನು ಹಾಗೇ ಸ್ಕೂಲಿಗೆ ಹೋಗಿ ಮೇಷ್ಟ್ರ ಹತ್ತಿರ ಬೈಸಿಕೊಂಡು ಬಂದ. ಅವನಿಗೀಗ ಅರವತ್ತು, ಇನ್ನೂ ಮರೆತಿಲ್ಲ.

ಅತ್ತೆಯವರ ಮಾತಿನಲ್ಲಿ ಇರುವುದು ಬೇರೆಯದೇ ಪ್ರಶ್ನೆ. ಅದಕ್ಕೆ ನೀವಿಬ್ಬರೂ ನಿಧಾನವಾಗಿ ಉತ್ತರ ಹುಡುಕಿಕೊಳ್ಳಿ, ಕಾಮಿಕ್ಸಿಗೆ ಗಂಟು ಹಾಕಬೇಡಿ.

ಮಾರುವ ಮಾತಂತೂ ಬೇಡ. ಸಿಟ್ಟಿನಲ್ಲಿ ಮಾರಿದರೆ ಸಿಗುವುದು ರದ್ದಿಯವನ ತಕ್ಕಡಿ ಬೆಲೆ. ಆದರೆ ಎರಡೂ ಪೆಟ್ಟಿಗೆ ಒಟ್ಟಿಗೆ ತರಬೇಡಿ. ಒಂದು ಸಾಕು, ಮತ್ತೆ ಮತ್ತೆ ಓದುವಂಥವು. ನಿಮ್ಮ ರೂಮಿನಲ್ಲಿ, ಕಣ್ಣಿಗೆ ಕಾಣುವ ಕಡೆ ಇಡಿ. ಅಟ್ಟಕ್ಕೆ ಹಾಕಿದರೆ ಮಲೆನಾಡಿನ ಒಂದೇ ಮಳೆಗಾಲ ಸಾಕು, ಹಳೇ ಸಂಚಿಕೆಗಳ ಕಾಗದ ಮೆತ್ತಗಾಗಿ ಬೂಸ್ಟು ಹಿಡಿಯುತ್ತೆ. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಹಿಂದೆ ಗಟ್ಟಿ ರಟ್ಟು ಕೊಟ್ಟು ನೆಟ್ಟಗೆ ನಿಲ್ಲಿಸಿ. ಪೆಟ್ಟಿಗೆ ಗೋಡೆಗೆ ತಾಗದಿರಲಿ.

ಹೇಗೂ ಆಷಾಢ ಬರುತ್ತಿದೆ, ಮದುವೆಯಾದ ಮೊದಲ ವರ್ಷ, ತವರಿಗೆ ಹೋಗುತ್ತೀರಿ. ಕರೆದುಕೊಂಡು ಬರಲು ಯಜಮಾನರು ಬಂದಾಗ ಪೆಟ್ಟಿಗೆಯನ್ನು ಅವರ ಕೈಲೇ ಹೊರಿಸಿ. ಮಳೆ ಜೋರಿರುತ್ತೆ, ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿಡಿ.